ಐತಿಹಾಸಿಕ ಫ್ಯಾಂಟಸಿ ಪ್ರಣಯಕಥೆಗೆ ಎಂಥ ಅಕ್ಕ ಬೇಕು: ಬೆನ್ನಿಗೆ ನಿಲ್ಲುವ ಪಾತ್ರಗಳ ಹೋಲಿಕೆ

ರಾಜ್ಯ, ಯುದ್ಧ, ಮಂತ್ರಶಕ್ತಿ, ಪ್ರಣಯ ಎಲ್ಲವೂ ಕೂಡಿದ ಕಾದಂಬರಿಯನ್ನು ಯೋಜಿಸುವಾಗ ಲೇಖಕರು ನಾಯಕ, ನಾಯಕಿ, ಖಳನಾಯಕರ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ನಾಯಕಿಯ ಅಕ್ಕ ಮಾತ್ರ, ನಾಯಕಿಗೆ ಮನಸ್ಸು ಬಿಚ್ಚಿ ಮಾತಾಡಲು ಯಾರಾದರೂ ಬೇಕಲ್ಲ ಎಂಬ ಕಾರಣಕ್ಕೆ, ಕೊನೆಯ ಗಳಿಗೆಯಲ್ಲಿ ಕಥೆಯೊಳಗೆ ಬರುತ್ತಾಳೆ. ಅವಳು ಕಣ್ಣೀರು ಒರೆಸುತ್ತಾಳೆ, ಧೈರ್ಯ ಹೇಳುತ್ತಾಳೆ, ಮದುವೆಯ ಅಧ್ಯಾಯದಲ್ಲಿ ತಂಗಿಯನ್ನು ಅಪ್ಪಿಕೊಂಡು ಮರೆಯಾಗುತ್ತಾಳೆ. ಇದರಿಂದ ಕಥೆಗೆ ಆಗುವ ನಷ್ಟ ಸಣ್ಣದಲ್ಲ. ನಾಯಕ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ನಾಯಕಿಯನ್ನು ಪ್ರೀತಿಸಿದವಳು, ಅವಳ ಬಾಲ್ಯವನ್ನು ಕಣ್ಣಾರೆ ಕಂಡವಳು, ಅವಳು ತೆಗೆದುಕೊಳ್ಳುವ ನಿರ್ಧಾರದ ಪರಿಣಾಮವನ್ನು ಅವಳಷ್ಟೇ ಅನುಭವಿಸಬೇಕಾದವಳು ಅಕ್ಕನೇ.

ಬೆಂಬಲ ನೀಡುವ ಅಕ್ಕಂದಿರಲ್ಲಿ ಹಲವು ಬಗೆಗಳಿವೆ. ನಿಮ್ಮ ಕಥೆಗೆ ಯಾರು ಹೊಂದುತ್ತಾರೆ ಎಂದು ತೀರ್ಮಾನಿಸಲು ನಾನು ಮುಖ್ಯವಾಗಿ ಒಂದೇ ಪ್ರಶ್ನೆಯನ್ನು ಆಧರಿಸುತ್ತೇನೆ: ತಂಗಿಯ ಪರವಾಗಿ ನಿಂತದ್ದಕ್ಕೆ ಅಕ್ಕ ಏನನ್ನು ಕಳೆದುಕೊಳ್ಳಬೇಕಾಗುತ್ತದೆ? ಕಳೆದುಕೊಳ್ಳಲು ಏನೂ ಇಲ್ಲದವಳ ಬೆಂಬಲ ಎಷ್ಟೇ ಸಿಹಿಯಾಗಿದ್ದರೂ ಓದುಗರ ಮನಸ್ಸಿಗೆ ತಟ್ಟುವುದಿಲ್ಲ.

ಹೋಲಿಕೆಗೆ ಅನುಕೂಲವಾಗಲೆಂದು ಒಂದೇ ಸನ್ನಿವೇಶವನ್ನು ಎಲ್ಲರ ಮುಂದೆಯೂ ಇಡೋಣ. ಗಡಿಯಲ್ಲೊಂದು ಕೋಟೆ, ಅಲ್ಲಿ ತಾತ್ಕಾಲಿಕ ಕದನವಿರಾಮ. ತಂಗಿಗೆ ನೀರಿನ ಮಾತು ಕೇಳಿಸುತ್ತದೆ, ಅಂದರೆ ಯಾವ ಹೊಳೆಯ ದಡದಲ್ಲಿ ನಿಂತರೂ ಅಲ್ಲಿ ಹಿಂದೆ ನಡೆದದ್ದು ಅವಳ ಕಿವಿಗೆ ಬೀಳುತ್ತದೆ. ಒಂದು ತಿಂಗಳಲ್ಲಿ ಮಿತ್ರರಾಜ್ಯದ ಅರಸನೊಡನೆ ಅವಳ ಮದುವೆ ನಿಶ್ಚಯವಾಗಿದೆ. ಅವಳು ಪ್ರೀತಿಸಿರುವುದು ಶತ್ರುಪಕ್ಷದ ದೂತನನ್ನು, ಅವನೋ ನಾಳೆ ಬೆಳಕು ಹರಿಯುವ ಮುನ್ನ ಹೊರಡುತ್ತಾನೆ. ನಡುರಾತ್ರಿ ಅವಳು ಅಕ್ಕನ ಕೋಣೆಗೆ ಬಂದು ಕೋಟೆಯ ನೀರುಬಾಗಿಲಿನ ಬೀಗದ ಕೈ ಕೇಳುತ್ತಾಳೆ.

ತಾಯಿಯ ಜಾಗದಲ್ಲಿ ನಿಂತವಳು

ಹೆತ್ತವರಿಲ್ಲದ ಮನೆಯಲ್ಲಿ ತಂಗಿಯನ್ನು ತಾನೇ ಬೆಳೆಸಿದ ಅಕ್ಕ ಈ ಪ್ರಕಾರದ ಕಥೆಗಳಲ್ಲಿ ಪದೇ ಪದೇ ಎದುರಾಗುತ್ತಾಳೆ. ಅವಳ ಪ್ರೀತಿಗೆ ಸಮಜಾಯಿಷಿ ಬೇಕಿಲ್ಲ ಎನ್ನುವುದು ಲೇಖಕರಿಗೆ ದೊಡ್ಡ ಅನುಕೂಲ. ಮೊದಲ ಅಧ್ಯಾಯದಲ್ಲೇ ಓದುಗರು ಅವಳನ್ನು ನಂಬಿಬಿಡುತ್ತಾರೆ.

ಇತಿಹಾಸದಲ್ಲಿ ಇಂಥವಳೊಬ್ಬಳ ಬದುಕನ್ನು ನೋಡಿದರೆ ಈ ಪಾತ್ರದ ಒಳಗಿನ ಬಿಗಿ ಅರ್ಥವಾಗುತ್ತದೆ. ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ ಚಕ್ರವರ್ತಿ ಅರ್ಕಾಡಿಯಸ್ 408ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಎರಡನೆಯ ಥಿಯೋಡೋಸಿಯಸ್ ಇನ್ನೂ ಏಳು ವರ್ಷದ ಹುಡುಗ. ಅವನ ಅಕ್ಕ ಪುಲ್ಕೇರಿಯಾಳಿಗೂ ಅವನಿಗೂ ಅಂತರ ಹೆಚ್ಚಿರಲಿಲ್ಲ, ಆದರೂ 414ರಲ್ಲಿ ಅವಳು ಅಗಸ್ಟಾ ಎಂಬ ಪದವಿ ಪಡೆದು ತಮ್ಮನ ವಿದ್ಯಾಭ್ಯಾಸವನ್ನೂ ಆಡಳಿತವನ್ನೂ ಕೈಗೆತ್ತಿಕೊಂಡಳು. ತಾನು ಮದುವೆಯಾದರೆ ಅರಮನೆಗೆ ಇನ್ನೊಬ್ಬ ಗಂಡಸು ಬಂದು ಪೈಪೋಟಿಗೆ ದಾರಿಯಾಗುತ್ತದೆ ಎಂದು ಅವಳು ಕನ್ಯಾವ್ರತ ತೊಟ್ಟಳು, ತಂಗಿಯರಿಂದಲೂ ತೊಡಿಸಿದಳು ಎಂದು ಇತಿಹಾಸಕಾರ ಸೊಜೊಮೆನ್ ಬರೆದಿದ್ದಾನೆ. ಒಂದೇ ವ್ರತದಲ್ಲಿ ಎರಡು ಸಂಗತಿಗಳಿವೆ: ತಮ್ಮನಿಗಾಗಿ ತನ್ನ ಬದುಕನ್ನು ತೆತ್ತ ಅಕ್ಕ, ಮತ್ತು ಅದೇ ಉಸಿರಿನಲ್ಲಿ ತಂಗಿಯರ ಬದುಕನ್ನೂ ತಾನೇ ತೀರ್ಮಾನಿಸಿದ ಅಕ್ಕ. ತಾಯಿಯ ಜಾಗದಲ್ಲಿ ನಿಂತವಳ ಬೆಂಬಲ ಯಾವಾಗಲೂ ಈ ಅಂಚಿನ ಮೇಲೇ ನಡೆಯುತ್ತದೆ.

ಆದ್ದರಿಂದ ನಮ್ಮ ಸನ್ನಿವೇಶದಲ್ಲಿ ಇವಳು ಮೊದಲು ಬೀಗದ ಕೈ ಕೊಡಲು ಒಪ್ಪಕೂಡದು. ಒಪ್ಪಿಬಿಟ್ಟರೆ ಇಷ್ಟು ವರ್ಷ ಅವಳು ಕಾಪಾಡಿದ್ದು ಏನನ್ನು ಎಂಬ ಪ್ರಶ್ನೆ ಏಳುತ್ತದೆ. ಇಲ್ಲ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರೆ ಅವಳು ಸೆರೆಮನೆಯ ಅಧಿಕಾರಿಯಾಗುತ್ತಾಳೆ. ಇಲ್ಲಿ ಬಹಳ ಲೇಖಕರು ಎಡವುತ್ತಾರೆ: ಇಪ್ಪತ್ತು ಅಧ್ಯಾಯಗಳ ವಿರೋಧವನ್ನು ಒಂದೇ ಕಣ್ಣೀರಿನ ದೃಶ್ಯದಲ್ಲಿ ಕರಗಿಸಿ, ಅಕ್ಕನ ಬಾಯಿಂದ ಆಶೀರ್ವಾದ ಹೇಳಿಸಿಬಿಡುತ್ತಾರೆ. ಅವಳ ಮನಸ್ಸು ಮಾತಿಗಿಂತ ಮೊದಲು ಕೈಯಲ್ಲಿ ಕಾಣಿಸಿಕೊಂಡರೆ ಕಥೆ ಗಟ್ಟಿಯಾಗುತ್ತದೆ. ತಂಗಿಗೆ ಕಡ್ಡಿ ಮುರಿದ ಹಾಗೆ ಇಲ್ಲ ಎಂದವಳು, ಅವಳು ಹೋದ ಮೇಲೆ ಹೊರಗೆ ಬಂದು, ನೀರುಬಾಗಿಲಿನ ಕಾವಲುಗಾರನಿಗೆ ಮೇಲಿನ ಬುರುಜಿನಲ್ಲಿ ದೀಪ ಆರಿದೆ, ಹೋಗಿ ನೋಡು ಎಂದು ಹೇಳಿ ಕಳಿಸುತ್ತಾಳೆ. ಬೀಗದ ಕೈಯನ್ನು ಕಿಟಕಿಯ ಅಂಚಿನ ಮೇಲೆ ಮರೆತವಳಂತೆ ಬಿಟ್ಟು ಮಲಗುತ್ತಾಳೆ, ನಿದ್ದೆ ಬರುವುದಿಲ್ಲ. ಅವಳು ಒಪ್ಪಿದಳೆಂದು ಅವಳಿಗೇ ಇನ್ನೂ ಗೊತ್ತಿಲ್ಲ, ಓದುಗರಿಗೆ ಗೊತ್ತಾಗಿದೆ.

ನಾಯಕಿ ಚಿಕ್ಕವಳಾಗಿದ್ದು, ಮತ್ತೊಬ್ಬರ ಆಸರೆಯಿಂದ ಸ್ವಂತ ತೀರ್ಮಾನದ ಕಡೆಗೆ ನಡೆಯುವುದೇ ಕಥೆಯ ಮುಖ್ಯ ಪಯಣವಾಗಿದ್ದರೆ ಈ ಅಕ್ಕನನ್ನು ಆರಿಸಿಕೊಳ್ಳಿ. ನಾಯಕಿ ಈಗಾಗಲೇ ಸೇನೆ ನಡೆಸುವ, ರಾಜ್ಯ ಆಳುವ ಹೆಣ್ಣಾಗಿದ್ದರೆ ಇವಳಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಅಧಿಕಾರವುಳ್ಳವಳು

ಎರಡನೆಯವಳು ರಾಜಕಾರಣ ಬಲ್ಲ ಅಕ್ಕ. ಇವಳ ಕೈಯಲ್ಲಿ ಮುದ್ರೆಯಿದೆ, ಸೈನಿಕರಿದ್ದಾರೆ, ಯಾರ ಸಾಲ ಯಾರ ಮೇಲಿದೆ ಎಂಬ ಲೆಕ್ಕವಿದೆ. ಹಳೆಯ ಕಾಲದ ಹೆಣ್ಣಿಗೆ ಇಂಥ ಅಧಿಕಾರ ಇರಲು ಸಾಧ್ಯವೇ ಎಂದು ಅನುಮಾನಿಸುವವರು ಕಲ್ಯಾಣದ ಚಾಲುಕ್ಯರ ಅಕ್ಕಾದೇವಿಯನ್ನು ನೆನೆಯಬಹುದು. ಎರಡನೆಯ ಜಯಸಿಂಹನ ಸೋದರಿಯಾದ ಆಕೆ ಕಿಸುಕಾಡು ಪ್ರಾಂತವನ್ನು ಆಳಿದಳು, 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಗಳು ಅವಳನ್ನು ರಣದಲ್ಲಿ ಭೈರವಿ ಎಂದೂ ಗುಣದ ಬೆಡಂಗಿ ಎಂದೂ ಕೊಂಡಾಡುತ್ತವೆ. ಅಂದರೆ ಕೋಟೆ ಮುತ್ತುವ ಅಕ್ಕನನ್ನು ಸೃಷ್ಟಿಸಲು ಫ್ಯಾಂಟಸಿಯ ನೆರವೇ ಬೇಕಿಲ್ಲ.

ಇವಳು ತಂಗಿಯ ಕಣ್ಣೀರಿಗೆ ಮೊದಲು ಕರಗುವುದಿಲ್ಲ, ಪ್ರಶ್ನೆ ಕೇಳುತ್ತಾಳೆ. ನೀನು ಇಲ್ಲಿಗೆ ಬಂದದ್ದನ್ನು ಯಾರು ನೋಡಿದರು? ನಿನಗೆ ನೀರಿನ ಮಾತು ಕೇಳಿಸುತ್ತದೆ ಎಂಬುದು ಆ ದೂತನಿಗೆ ಗೊತ್ತೇ? ನಾಳೆ ವಿಚಾರಣೆ ನಡೆದರೆ ಮೊದಲು ಯಾರನ್ನು ಕರೆಸುತ್ತಾರೆ? ಉತ್ತರ ಕೇಳಿದ ಮೇಲೆ ಒಂದು ರಹದಾರಿ ಪತ್ರ ಬರೆದು, ಅರಗು ಕಾಯಿಸಿ ತನ್ನ ಮುದ್ರೆ ಒತ್ತುತ್ತಾಳೆ. ಆ ಅರಗಿನ ಮುದ್ರೆಯೇ ಅವಳು ತೆರುವ ಬೆಲೆ. ಪತ್ರ ಕಾವಲುಗಾರನ ಕೈಯಲ್ಲಿ ಉಳಿಯುತ್ತದೆ, ಬೆಳಗಾಗುವ ಹೊತ್ತಿಗೆ ಅವಳ ವಿರುದ್ಧ ಸಾಕ್ಷಿಯಾಗುತ್ತದೆ.

ಈ ಅಕ್ಕನಿಂದ ಕಥೆಗೆ ವೇಗ ಬರುತ್ತದೆ, ಅಪಾಯವೂ ಇವಳಿಂದಲೇ. ಅವಳು ಎಲ್ಲ ತೊಡಕನ್ನೂ ಬಿಡಿಸುವಷ್ಟು ಬಲಶಾಲಿಯಾದರೆ ನಾಯಕಿ ತನ್ನ ಕಥೆಯಲ್ಲೇ ಪ್ರೇಕ್ಷಕಳಾಗುತ್ತಾಳೆ. ಹೀಗಾಗದಂತೆ ತಡೆಯಲು ಅವಳ ಅಧಿಕಾರಕ್ಕೆ ಗಡುವು ಹಾಕಿ. ಫ್ರಾನ್ಸಿನ ಹನ್ನೊಂದನೆಯ ಲೂಯಿ 1483ರಲ್ಲಿ ಸತ್ತಾಗ ಮಗ ಎಂಟನೆಯ ಚಾರ್ಲ್ಸ್ ಹದಿಮೂರರ ಹುಡುಗ. ರಾಜಪ್ರತಿನಿಧಿ ಎಂಬ ಅಧಿಕೃತ ಪದವಿ ಇಲ್ಲದೆಯೇ, ತಮ್ಮನ ಪಾಲನೆಯ ಹೊಣೆಯನ್ನು ಮುಂದಿಟ್ಟುಕೊಂಡು ಅವನ ಅಕ್ಕ ಆನ್ ದ ಬೋಜ್ಯೂ ಗಂಡನೊಡನೆ ಸೇರಿ 1491ರ ತನಕ ರಾಜ್ಯ ನಡೆಸಿದಳು. ತಮ್ಮ ಬೆಳೆದು ನಿಂತ ದಿನ ಆ ಅಧಿಕಾರ ಕೈಬಿಟ್ಟು ಹೋಗಲೇಬೇಕು. ನಿಮ್ಮ ಕಥೆಯಲ್ಲೂ ತಮ್ಮನ ಪಟ್ಟಾಭಿಷೇಕಕ್ಕೆ ಇಂತಿಷ್ಟೇ ದಿನ ಉಳಿದಿವೆ, ಅಷ್ಟರೊಳಗೆ ಅಕ್ಕ ತಂಗಿಗೊಂದು ದಾರಿ ಮಾಡಬೇಕು ಎಂದಾದರೆ, ಬಲವಿದ್ದೂ ಎಲ್ಲವನ್ನೂ ಮಾಡಲಾಗದ ಸ್ಥಿತಿ ತಾನಾಗಿಯೇ ಹುಟ್ಟುತ್ತದೆ. ಪಿತೂರಿ, ಒಪ್ಪಂದ, ದರ್ಬಾರು ನಿಮ್ಮ ಕಥೆಯ ಜೀವಾಳವಾಗಿದ್ದರೆ ಇವಳಿಗೆ ಸಾಟಿಯಾದವರಿಲ್ಲ. ಇಬ್ಬರೇ ವ್ಯಕ್ತಿಗಳ ನಡುವಿನ ಮೃದುವಾದ ಪ್ರಣಯವೇ ಮುಖ್ಯವಾಗಿದ್ದರೆ ಇವಳು ಪುಟಗಳನ್ನೆಲ್ಲ ತಾನೇ ಆಕ್ರಮಿಸಿಕೊಳ್ಳುತ್ತಾಳೆ.

ದೂರದ ರಾಜ್ಯಕ್ಕೆ ಹೋದವಳು

ನನಗೆ ಅತ್ಯಂತ ಇಷ್ಟವಾದ ಆಯ್ಕೆ ಇದು. ಮೊದಲ ಕಾದಂಬರಿ ಬರೆಯುವವರಿಗೆ ನಾನು ಶಿಫಾರಸು ಮಾಡುವುದೂ ಇವಳನ್ನೇ. ಒಪ್ಪಂದದ ಭಾಗವಾಗಿ ಇನ್ನೊಂದು ರಾಜವಂಶಕ್ಕೆ ಮದುವೆಯಾಗಿ ಹೋದ ಅಕ್ಕ ತಂಗಿಯ ಬಳಿ ಇಲ್ಲ, ಅವಳ ಪತ್ರಗಳಿವೆ. ಅಕ್ಕ ಇಷ್ಟು ಒಳ್ಳೆಯವಳಾಗಿದ್ದರೆ ಈ ಸಂಕಟವನ್ನು ಯಾಕೆ ಪರಿಹರಿಸಲಿಲ್ಲ ಎಂದು ಓದುಗರು ಕೇಳುವ ಪ್ರಶ್ನೆಗೆ ದೂರವೇ ಉತ್ತರವಾಗುತ್ತದೆ, ಲೇಖಕರು ಬೇರೆ ನೆಪ ಹುಡುಕಬೇಕಾಗಿಲ್ಲ.

ಇನ್ನೂ ಮುಖ್ಯವಾದದ್ದೆಂದರೆ, ತಂಗಿ ಈಗ ಹೆದರುತ್ತಿರುವ ಬದುಕನ್ನು ಇವಳು ಬದುಕಿ ನೋಡಿದ್ದಾಳೆ. ಪ್ರೀತಿಸದವನ ಮನೆಯಲ್ಲಿ ಹತ್ತು ವರ್ಷ ಕಳೆದವಳು ಬಯಸಿದವನ ಜೊತೆ ಓಡಿಹೋಗು ಎನ್ನಬಹುದು, ಅಥವಾ ನಿಧಾನವಾಗಿ ಗಂಡನನ್ನು ಪ್ರೀತಿಸಲು ಕಲಿತವಳಾಗಿ, ನೀನು ಅಂದುಕೊಂಡಷ್ಟು ಕತ್ತಲು ಇಲ್ಲಿಲ್ಲ ಎನ್ನಬಹುದು. ಎರಡನೆಯದು ಹೆಚ್ಚು ಕಷ್ಟದ ಬರವಣಿಗೆ, ಹೆಚ್ಚು ಫಲ ಕೊಡುವುದೂ ಅದೇ, ಏಕೆಂದರೆ ಆಗ ತಂಗಿಯ ಪ್ರಣಯ ತನ್ನ ಸರಿತನವನ್ನು ತಾನೇ ಸಾಬೀತುಪಡಿಸಬೇಕಾಗುತ್ತದೆ.

ನಡುರಾತ್ರಿಯ ದೃಶ್ಯದಲ್ಲಿ ತಂಗಿ ತಟ್ಟುವ ಕೋಣೆ ಖಾಲಿಯಿದೆ. ಅವಳ ಕೈಯಲ್ಲಿ ಮೂರು ವಾರಗಳ ಹಿಂದೆ ಬರೆದ ಪತ್ರವೊಂದಿದೆ, ಅದರಲ್ಲಿ ದೂತನ ಪ್ರಸ್ತಾಪವೇ ಇಲ್ಲ, ಏಕೆಂದರೆ ಆಗ ಅಕ್ಕನಿಗೆ ಅವನ ವಿಷಯ ಗೊತ್ತಿರಲಿಲ್ಲ. ಹವೆ, ಮಗುವಿನ ಕೆಮ್ಮು, ಹೊಸ ಕುದುರೆ ಇವುಗಳ ನಡುವೆ ಒಂದು ಸಾಲು: ನೀರುಬಾಗಿಲಿನ ಮೂರನೆಯ ಮೆಟ್ಟಿಲು ಈಗಲೂ ಸಡಿಲವಾಗಿಯೇ ಇದೆಯೇ? ಆ ಪತ್ರವನ್ನು ಅತ್ತ ಕಡೆಯ ಅಧಿಕಾರಿಗಳು ಒಡೆದು ಓದಿದ್ದಾರೆ, ಅವರಿಗೆ ಏನೂ ತೋಚಿಲ್ಲ. ತಂಗಿ ಹೋಗಿ ಮೆಟ್ಟಿಲಿನ ಕಲ್ಲನ್ನು ಎತ್ತುತ್ತಾಳೆ. ಹತ್ತು ವರ್ಷದ ಹಿಂದೆ, ತಾನು ಓಡಿಹೋಗಲೆಂದು ಮಾಡಿಸಿ, ಕೊನೆಗೆ ಬಳಸದೆ ಬಿಟ್ಟ ಬೀಗದ ಕೈಯನ್ನು ಅಕ್ಕ ಅಲ್ಲಿ ಅಡಗಿಸಿಟ್ಟಿದ್ದಾಳೆ. ಹೀಗೆ ಅಕ್ಕ ಒಂದು ಪುಟದಲ್ಲೂ ಮುಖ ತೋರಿಸದೆ ಆ ರಾತ್ರಿಯನ್ನು ತನ್ನದಾಗಿಸಿಕೊಳ್ಳುತ್ತಾಳೆ, ಅವಳ ಬದುಕಿನ ಒಂದು ಇಡೀ ಕಥೆ ಹೇಳದೆಯೇ ಓದುಗರಿಗೆ ತಲುಪುತ್ತದೆ.

ತೊಂದರೆ ಇಷ್ಟೇ: ಮುಖಾಮುಖಿ ಮಾತುಕತೆ ಕಡಿಮೆ. ಕಥೆಯ ಮಧ್ಯದಲ್ಲೊಮ್ಮೆ ಇಬ್ಬರನ್ನೂ ಒಂದೇ ಸೂರಿನಡಿ ತರದಿದ್ದರೆ ಅವಳು ಬರೀ ಕೈಬರಹವಾಗಿ ಉಳಿಯುವ ಸಾಧ್ಯತೆಯಿದೆ.

ಸತ್ತುಹೋದ ಅಕ್ಕ ಆತ್ಮವಾಗಿ ಬಂದು ದಾರಿ ತೋರಿಸುವ ಬಗೆಯನ್ನೂ ಕೆಲವರು ಆರಿಸುತ್ತಾರೆ. ಅವಳಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ಹಾಗಾಗಿ ಈ ಆಯ್ಕೆಯನ್ನು ನಾನು ಸೂಚಿಸಲಾರೆ. ಪ್ರತಿ ಸಲ ಮಾತಾಡಿದಾಗಲೂ ಅವಳು ಬದುಕಿದ್ದವರ ನೆನಪಿನಿಂದ ಸ್ವಲ್ಪ ಸ್ವಲ್ಪವೇ ಅಳಿಸಿಹೋಗುತ್ತಾಳೆ ಎಂಬಂಥ ನಿಯಮವೇನಾದರೂ ಇದ್ದರೆ ಮಾತು ಬೇರೆ.

ಶಕ್ತಿ ಯಾರಿಗೆ ಇರಬೇಕು

ಮಂತ್ರಶಕ್ತಿಯನ್ನು ಇಬ್ಬರಲ್ಲಿ ಯಾರಿಗೆ ಕೊಡಬೇಕು ಎಂಬುದು ಅಕ್ಕನ ಬಗೆಯಷ್ಟೇ ಮುಖ್ಯವಾದ ನಿರ್ಧಾರ. ತಂಗಿಗೆ ಶಕ್ತಿಯಿದ್ದು ಅಕ್ಕನಿಗೆ ಇಲ್ಲದಿದ್ದರೆ, ಅಕ್ಕನ ಬೆಂಬಲವೆಲ್ಲ ಸಾಮಾನ್ಯ ಮನುಷ್ಯರ ಸಾಧನಗಳಿಂದಲೇ ಬರಬೇಕು: ಸುಳ್ಳು, ಹಣ, ನಿದ್ದೆಗೆಟ್ಟ ರಾತ್ರಿ, ಸಮಯಕ್ಕೆ ಸರಿಯಾಗಿ ತೆರೆದ ಬಾಗಿಲು. ಇದರ ಸೊಗಸು ಬೇರೆಯೇ. ಅಕ್ಕನ ಮನಸ್ಸಿನ ಮೂಲೆಯಲ್ಲಿ ಅಸೂಯೆಯ ಎಳೆಯೊಂದು ಇದ್ದರೂ ಅಡ್ಡಿಯಿಲ್ಲ, ಅದನ್ನು ಅರಿತು ಮೀರಿದವಳ ಪ್ರೀತಿ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅಕ್ಕನಿಗೆ ಶಕ್ತಿಯಿದ್ದು ತಂಗಿಗೆ ಇಲ್ಲದಿದ್ದರೆ ಬಹಳ ಎಚ್ಚರ ಬೇಕು. ಅವಳು ಮಂತ್ರದಿಂದ ಕಾವಲುಗಾರನನ್ನು ಮಲಗಿಸಿಬಿಟ್ಟರೆ ಬೀಗದ ಕೈಯ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿಗೆ ಆ ರಾತ್ರಿಯ ಉದ್ವೇಗವೂ ಮುಗಿಯಿತು. ಶಕ್ತಿಯ ಪ್ರತಿ ಬಳಕೆಗೂ ನಿರ್ದಿಷ್ಟವಾದ, ಮರಳಿ ಬಾರದ ಬೆಲೆ ಇರಬೇಕು. ಒಂದೆರಡು ಗಳಿಗೆ ತಲೆಸುತ್ತು ಬಂತು ಎಂಬುದು ಬೆಲೆಯಲ್ಲ. ಒಂದು ಬಾಗಿಲು ತೆರೆಯಲು ಅವಳು ತನ್ನ ಒಂದು ನೆನಪನ್ನು ಕೊಡಬೇಕು, ಮತ್ತು ಆ ರಾತ್ರಿ ಅವಳು ಕೊಟ್ಟದ್ದು ತಂಗಿ ಹುಟ್ಟಿದ ದಿನದ ನೆನಪು ಎಂದಾದರೆ ಮುಂದಿನ ಹತ್ತು ಅಧ್ಯಾಯಗಳಿಗೆ ಭಾರ ಸಿಗುತ್ತದೆ. ಇಬ್ಬರಿಗೂ ಶಕ್ತಿಯಿರುವ ಕಥೆಯಲ್ಲಿ ಅಕ್ಕ ಬೇಗನೆ ಗುರುವಾಗಿ ಮಾರ್ಪಡುತ್ತಾಳೆ. ಗುರುವೇ ಬೇಕಿದ್ದರೆ ಅದಕ್ಕೆ ಬೇರೆ ಪಾತ್ರವನ್ನು ಕಟ್ಟುವುದು ಮೇಲು.

ನಾಯಕಿಯ ಅಕ್ಕನೋ, ನಾಯಕನ ಅಕ್ಕನೋ

ಪ್ರಣಯಕಥೆಗೆ ಅಕ್ಕ ಎಂದಾಕ್ಷಣ ಎಲ್ಲರಿಗೂ ನಾಯಕಿಯ ಅಕ್ಕನೇ ಹೊಳೆಯುತ್ತಾಳೆ. ನಾಯಕನ ಅಕ್ಕನನ್ನು ನಾಯಕಿಯ ಬೆಂಬಲಕ್ಕೆ ನಿಲ್ಲಿಸುವುದು ಕಡಿಮೆ ಬಳಕೆಯಾದ, ಆದರೆ ಬಹಳ ಸತ್ವವುಳ್ಳ ಆಯ್ಕೆ, ಏಕೆಂದರೆ ಅರಮನೆಯಲ್ಲಿ ಅವಳ ಸ್ಥಾನ ರಾಣಿಯರ ಸ್ಥಾನದೊಡನೆ ಸ್ಪರ್ಧಿಸುತ್ತದೆ. ಮೊದಲನೆಯ ರಾಜರಾಜ ಚೋಳ ತಂಜಾವೂರಿನ ದೊಡ್ಡ ಗುಡಿಗೆ ಸಂದ ದಾನಗಳನ್ನು ಕಲ್ಲಿನಲ್ಲಿ ಕೆತ್ತಿಸಲು ಆಜ್ಞಾಪಿಸಿದಾಗ, ತಾನು ಕೊಟ್ಟದ್ದರ ಹಿಂದೆಯೇ ಅಕ್ಕ ಕೊಟ್ಟದ್ದನ್ನು ಹೇಳುತ್ತಾನೆ, ರಾಣಿಯರು ಕೊಟ್ಟದ್ದು ಅದರ ನಂತರ ಬರುತ್ತದೆ. ಆ ಅಕ್ಕ ಕುಂದವೈ. ಇಂಥ ಸ್ಥಾನದಲ್ಲಿರುವವಳು, ತಮ್ಮ ಪ್ರೀತಿಸಿದ ಹೊರಗಿನ ಹೆಣ್ಣನ್ನು ಸ್ವಾಗತಿಸಿದರೆ ತನ್ನ ಹೆಸರಿನ ಪಕ್ಕದಲ್ಲಿ, ಬಹುಶಃ ಮುಂದೆ ತನಗಿಂತ ಮೊದಲು, ಇನ್ನೊಂದು ಹೆಸರಿಗೆ ಜಾಗ ಬಿಡುತ್ತಿದ್ದಾಳೆ. ಬೆಂಬಲದ ಬೆಲೆ ಇಲ್ಲಿ ಕಣ್ಣಿಗೆ ರಾಚುವಷ್ಟು ಸ್ಪಷ್ಟ.

ಮೊಗಲರ ಜಹಾನಾರಾ ಬೇಗಂ ಇನ್ನೊಂದು ಮಾದರಿ. ತಾಯಿ ಮುಮ್ತಾಜ್ 1631ರಲ್ಲಿ ತೀರಿಕೊಂಡ ಮೇಲೆ, ಹದಿನೇಳರ ವಯಸ್ಸಿನಲ್ಲೇ ಅಂತಃಪುರದ ಹಿರಿತನ ಅವಳ ಪಾಲಿಗೆ ಬಂತು. ನಿಂತುಹೋಗಿದ್ದ ತಮ್ಮ ದಾರಾ ಶಿಕೋಹನ ಮದುವೆಯನ್ನು 1633ರಲ್ಲಿ ಮುಂದೆ ನಿಂತು ನಡೆಸಿದಳು. ಪಟ್ಟದ ಕದನದಲ್ಲಿ ಅವಳು ದಾರಾನ ಪರ ವಹಿಸಿದಳು, ಗೆದ್ದವನು ಇನ್ನೊಬ್ಬ ತಮ್ಮ ಔರಂಗಜೇಬ. 1658ರಿಂದ ತಂದೆ ಷಹಜಹಾನ್ 1666ರಲ್ಲಿ ಸಾಯುವ ತನಕ ಅವಳು ಆಗ್ರಾ ಕೋಟೆಯಲ್ಲಿ ಅವನೊಡನೆಯೇ ಇದ್ದಳು, ಆಮೇಲೆ ಅದೇ ಔರಂಗಜೇಬನ ಆಸ್ಥಾನದಲ್ಲಿ ಮತ್ತೆ ಗೌರವದ ಸ್ಥಾನ ಪಡೆದಳು. ಒಬ್ಬ ತಮ್ಮನಿಗೆ ಬೆಂಬಲವೆಂದರೆ ಇನ್ನೊಬ್ಬನಿಗೆ ಎದುರು ನಿಲ್ಲುವುದು ಎಂಬ ಈ ಬಿಕ್ಕಟ್ಟನ್ನು ನಾಯಕನ ಮನೆಯೊಳಗೆ ತಂದರೆ, ನಾಯಕಿಗೆ ಸಿಗುವ ಅತ್ತಿಗೆ ಕಥೆಯ ಅತ್ಯಂತ ಆಳವಾದ ಪಾತ್ರವಾಗಬಲ್ಲಳು. ನಾಯಕಿ ಒಬ್ಬಂಟಿಯಾಗಿ ಅಪರಿಚಿತ ಆಸ್ಥಾನಕ್ಕೆ ಬರುವ ಕಥೆಗಳಿಗೆ ಈ ಆಯ್ಕೆ ಹೇಳಿ ಮಾಡಿಸಿದಂತಿದೆ.

ಅವಳಿಗೆ ಗುಟ್ಟು ಯಾವಾಗ ತಿಳಿಯಬೇಕು

ಯಾವ ಬಗೆಯ ಅಕ್ಕನನ್ನು ಆರಿಸಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ನಾಯಕಿಯೇ ಮೊದಲ ದಿನವೇ ಹೇಳಿಬಿಟ್ಟರೆ ಅಕ್ಕ ಬರೀ ಕೇಳುಗಳಾಗುತ್ತಾಳೆ. ಕೊನೆಯಲ್ಲಿ ಬೇರೆಯವರಿಂದ ತಿಳಿದರೆ ನೋವಿನ ಒಂದು ಒಳ್ಳೆಯ ದೃಶ್ಯ ಸಿಗುತ್ತದೆ, ಆದರೆ ಅಲ್ಲಿಯ ತನಕ ಅವಳು ನಿಷ್ಕ್ರಿಯಳಾಗಿರುತ್ತಾಳೆ. ನನ್ನ ದೃಷ್ಟಿಯಲ್ಲಿ ನಾಯಕಿಗಿಂತ ಮೊದಲೇ ಅಕ್ಕನಿಗೆ ತಿಳಿದಿರುವುದು ಎಲ್ಲಕ್ಕಿಂತ ಉತ್ತಮ.

“ಅಕ್ಕ, ನಿನಗೆ ಯಾವಾಗ ಗೊತ್ತಾಯಿತು?”

“ಆಸ್ಥಾನದಲ್ಲಿ ಯಾರು ಏನೆಂದರು ಅಂತ ದಿನಾ ಬಂದು ಹೇಳುತ್ತಿದ್ದೆಯಲ್ಲ, ಅದರಲ್ಲಿ ಅವನ ಹೆಸರು ಬಿಟ್ಟುಹೋದ ದಿನ.”

ಇಂಥ ಒಂದು ಉತ್ತರ ಇದ್ದರೆ, ಹಿಂದಿನ ಹತ್ತು ಅಧ್ಯಾಯಗಳಲ್ಲಿ ಅಕ್ಕ ಮೌನವಾಗಿ ಮಾಡಿದ ಸಣ್ಣಪುಟ್ಟ ಕೆಲಸಗಳಿಗೆಲ್ಲ ಓದುಗರು ಮರಳಿ ಅರ್ಥ ಹುಡುಕುತ್ತಾರೆ. ಹಾಗೆ ಹುಡುಕಿದಾಗ ಅಲ್ಲಿ ಏನಾದರೂ ಸಿಗಲೇಬೇಕು. ಊಟದ ಸಾಲಿನಲ್ಲಿ ದೂತನ ಆಸನವನ್ನು ಸೇನಾಪತಿಯಿಂದ ದೂರಕ್ಕೆ ಬದಲಿಸಿದ್ದು ಅವಳೇ, ಮದುವೆಯ ದಿನವನ್ನು ಎರಡು ವಾರ ಮುಂದಕ್ಕೆ ತಳ್ಳಲು ಜ್ಯೋತಿಷಿಯ ಬಾಯಿಂದ ಹೇಳಿಸಿದ್ದೂ ಅವಳೇ ಎಂಬ ಗುರುತುಗಳನ್ನು ಮೊದಲೇ ಬಿತ್ತಿರಬೇಕು.

ಅಕ್ಕನಿಗೆ ಸ್ವಂತ ಪ್ರಣಯವೊಂದು ಬೇಕೇ ಎಂದು ಕೇಳುವವರಿದ್ದಾರೆ. ಸ್ವಂತ ಬಯಕೆಯೊಂದು ಖಂಡಿತ ಬೇಕು, ಅದು ಪ್ರಣಯವೇ ಆಗಬೇಕೆಂದಿಲ್ಲ. ಒಂದು ಪ್ರಾಂತದ ಆಡಳಿತ, ಅರ್ಧಕ್ಕೆ ಬಿಟ್ಟ ವೈದ್ಯವಿದ್ಯೆ, ಸಮುದ್ರ ನೋಡಬೇಕೆಂಬ ಹಂಬಲ ಯಾವುದಾದರೂ ನಡೆದೀತು. ಕೊನೆಯ ಅಧ್ಯಾಯದಲ್ಲಿ ಸೇನಾಪತಿಯನ್ನೋ ವೈದ್ಯನನ್ನೋ ಅವಸರವಾಗಿ ಕರೆತಂದು ಅವಳಿಗೆ ಬಹುಮಾನವಾಗಿ ಕೊಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ, ಅವಳು ತೆತ್ತ ಬೆಲೆಯನ್ನೆಲ್ಲ ಅದು ಅಗ್ಗ ಮಾಡುತ್ತದೆ.

ಧಾರಾವಾಹಿಯಾಗಿ ಬರೆಯುತ್ತಿರುವವರಿಗೆ ಒಂದು ಮಾತು. ಆಗಲೇ ಹಲವು ಕಂತುಗಳು ಪ್ರಕಟವಾಗಿದ್ದು, ಅವುಗಳಲ್ಲಿ ಅಕ್ಕ ಬರೀ ಸಾಂತ್ವನ ಹೇಳುತ್ತ ಕುಳಿತಿದ್ದರೆ, ಹಿಂದಕ್ಕೆ ಹೋಗಿ ತಿದ್ದಲು ಬರುವುದಿಲ್ಲ. ಆಗ ಅವಳ ಸಾಂತ್ವನದ ಮಾತುಗಳಲ್ಲೇ ಒಂದನ್ನು ಆರಿಸಿಕೊಂಡು ಅದನ್ನು ಸುಳ್ಳು ಮಾಡಿ. ತಂದೆಗೆ ನಾನು ಹೇಳಿ ಒಪ್ಪಿಸುತ್ತೇನೆ, ಚಿಂತೆ ಬಿಡು ಎಂದು ಐದನೆಯ ಕಂತಿನಲ್ಲಿ ಅವಳು ಅಂದಿದ್ದರೆ, ಅಂದೇ ಹೋಗಿ ಹೇಳಿದ್ದಳು, ತಂದೆ ಒಪ್ಪಿರಲಿಲ್ಲ, ತಂಗಿಯ ಬದಲು ತಾನು ಆ ಮಿತ್ರರಾಜ್ಯದ ಅರಸನನ್ನು ಮದುವೆಯಾಗುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಳು ಎಂಬುದು ಮುಂದಿನ ಕಂತಿನಲ್ಲಿ ತಂಗಿಗೆ ಇನ್ನೊಬ್ಬರ ಬಾಯಿಂದ ತಿಳಿಯಲಿ.